ಆಡುಸೋಗೆ: ಅದರ ಹೆಸರು, ಗುರುತು ಮತ್ತು ಉಪಯೋಗಗಳು

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವುದಷ್ಟೆ. ಈ ಗಾದೆಯನ್ನು ಕಟ್ಟಿದ ಜನರೇ ಹೊಲದ ಬೇಲಿಯಲ್ಲಿ ಬೆಳೆಯುವ ಒಂದು ಗಿಡಕ್ಕೆ ಆಡುಮುಟ್ಟದ ಗಿಡವೆಂದು ಹೆಸರಿಟ್ಟಿರುವರು. ಗಾದೆಗೂ ಹೆಸರಿಗೂ ಇರುವ ಈ ವಿರೋಧವು ಮೇಲುನೋಟಕ್ಕೆ ವಿನೋದವಾಗಿ ತೋರಿದರೂ, ಅದರೊಳಗೆ ರೈತನಿಗೆ ಬೇಕಾದ ವಿಷಯವು ಬಹಳವಾಗಿ ಅಡಗಿದೆ. ಯಾವ ಕಹಿಯಿಂದ ಆಡು ಈ ಸೊಪ್ಪನ್ನು ಬಿಟ್ಟುಹೋಗುವುದೋ ಅದೇ ಕಹಿಯೇ ಗಿಡವನ್ನು ಬೇಲಿಗೆ ಯೋಗ್ಯವನ್ನಾಗಿ ಮಾಡಿದೆ. ಅದೇ ಕಹಿಯೇ ಕೆಮ್ಮಿನ ಔಷಧವೂ ಆಗಿದೆ. ಆದರೆ ಅದೇ ಹೆಸರಿನ ಬಲದಿಂದ ಬೇರೊಂದು ಬಳ್ಳಿಯ ಸೊಪ್ಪು ರೋಗಿಯ ಹೊಟ್ಟೆಯನ್ನು ಸೇರುವುದೂ ಉಂಟು. ಆದಕಾರಣ ಈ ಕರಪತ್ರದಲ್ಲಿ ಮೊದಲು ಹೆಸರಿನ ವಿಚಾರವನ್ನೂ ಗುರುತನ್ನೂ ಹೇಳಿ, ಅನಂತರ ಉಪಯೋಗಗಳಿಗೆ ಬರಲಾಗುವುದು.

ಹೆಸರಿನ ವಿಚಾರ

ಕನ್ನಡದಲ್ಲಿ ಈ ಗಿಡಕ್ಕೆ ಆಡುಸೋಗೆ, ಆಡಸಾಲ, ಆಡುಮುಟ್ಟದ ಸೊಪ್ಪು ಎಂಬ ಹೆಸರುಗಳು ಪ್ರಾಂತಭೇದದಿಂದ ರೂಢಿಯಲ್ಲಿವೆ. ತಮಿಳಿನಲ್ಲಿ ಆಡಾತೋಡೈ ಎಂದೂ, ತೆಲುಗಿನಲ್ಲಿ ಅಡ್ಡಸರಮು ಎಂದೂ, ಮಲೆಯಾಳದಲ್ಲಿ ಆಡಲೋಡಗಂ ಎಂದೂ, ಮರಾಠಿಯಲ್ಲಿ ಅಡುಳಸಾ ಎಂದೂ, ಹಿಂದಿಯಲ್ಲಿ ಅಡೂಸಾ ಎಂದೂ ಕರೆಯುತ್ತಾರೆ. ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಜಸ್ಟೀಸಿಯಾ ಅಧಾತೋಡಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಸಿಂಹಳ ಮತ್ತು ತಮಿಳು ಸೀಮೆಯ ಹೆಸರೇ ಹೀಗೆ ಲ್ಯಾಟಿನ್ ವೇಷವನ್ನು ಧರಿಸಿತು. 1832ರಲ್ಲಿ ನೀಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಅಧಾತೋಡಾ ವಾಸಿಕಾ ಎಂದು ಬದಲಾಯಿಸಿದನು. ಔಷಧಿಗಳ ಗ್ರಂಥಗಳಲ್ಲಿ ಈ ಎರಡನೆಯ ಹೆಸರೇ ಹೆಚ್ಚಾಗಿ ಕಂಡುಬರುವುದಾದರೂ, ಸಸ್ಯಶಾಸ್ತ್ರಜ್ಞರು ಈಗ ಮೊದಲನೆಯದನ್ನೇ ಅಂಗೀಕರಿಸಿರುತ್ತಾರೆ. ಎರಡೂ ಒಂದೇ ಗಿಡವೆಂದು ತಿಳಿಯತಕ್ಕದ್ದು.

ತಮಿಳಿನ ಹೆಸರಿಗೆ "ಆಡು ತೊಡದದ್ದು", ಅಂದರೆ ಆಡು ಮುಟ್ಟದೆ ಇರುವುದು ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುವರು. ಕನ್ನಡದ ಆಡುಮುಟ್ಟದ ಗಿಡವೆಂಬುದೂ ಅದೇ ಅರ್ಥ. ಸಂಸ್ಕೃತದಲ್ಲಿ ಈ ಗಿಡಕ್ಕೆ ಅಟರೂಷ, ಆಟರೂಷಕ ಎಂಬ ಹೆಸರುಗಳಿವೆ. ಅಟರೂಷ, ಅಡೂಸಾ, ಅಡುಳಸಾ, ಆಡಸಾಲ, ಆಡುಸೋಗೆ ಎಂದು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ಇವೆಲ್ಲವೂ ಒಂದೇ ಮನೆತನದ ಮಾತುಗಳೆಂದು ಯಾರಿಗಾದರೂ ತೋರದೆ ಇರದು. ಮರಾಠಿಯಲ್ಲಿ ಆಡಿಗೆ ಶೇಳೀ ಎಂದೂ ಹಿಂದಿಯಲ್ಲಿ ಬಕರೀ ಎಂದೂ ಹೆಸರಿರುವುದರಿಂದ ಅಡುಳಸಾ, ಅಡೂಸಾ ಎಂಬ ಮಾತುಗಳಲ್ಲಿ ಆಡಿನ ಪ್ರಸ್ತಾಪವೇ ಇರಲಾರದು. ಹಳೆಯದೊಂದು ಹೆಸರು ದಕ್ಷಿಣದ ರೈತನ ಕಿವಿಗೆ ಬಿದ್ದಾಗ, ಗಿಡದ ಗುಣವನ್ನು ಬಲ್ಲ ಅವನು ಅದರಲ್ಲಿ ಆಡನ್ನು ಕೇಳಿಕೊಂಡನೆಂದು ನನ್ನ ಅಭಿಪ್ರಾಯ. ಸೋಗೆಯೆಂಬುದೂ ಅವನದೇ ಮಾತು. ಕಬ್ಬಿನ ಸೋಗೆ, ಅಡಕೆಯ ಸೋಗೆ, ನವಿಲಿನ ಸೋಗೆ ಎಂಬಂತೆ ಉದ್ದವಾಗಿ ಇಳಿಬಿದ್ದದ್ದಕ್ಕೆಲ್ಲ ಆ ಮಾತು ಸಲ್ಲುವುದು. ಆಡುಸೋಗೆಯ ಎಲೆಯೂ ನೀಳವಾದದ್ದೇ. ಪಂಡಿತರು ಬೇರೆ ರೀತಿಯಲ್ಲಿ ನಿರ್ಣಯಿಸಿದರೂ ರೈತನು ಕೇಳಿಕೊಂಡ ಅರ್ಥವು ಗಿಡಕ್ಕೆ ಒಪ್ಪುವುದರಲ್ಲಿ ಸಂದೇಹವಿಲ್ಲ.

ಆಯುರ್ವೇದ ಗ್ರಂಥಗಳಲ್ಲಿ ವಾಸಾ, ವಾಸಕ, ವೃಷ ಎಂಬ ಹೆಸರುಗಳು ಪ್ರಸಿದ್ಧವಾಗಿವೆ. ಇವಲ್ಲದೆ ಸಿಂಹಾಸ್ಯ, ವಾಜಿದಂತ ಎಂಬ ಹೆಸರುಗಳೂ ಉಂಟು. ಬಾಯಿ ತೆರೆದ ಸಿಂಹದ ಮುಖದಂತೆಯೂ ಕುದುರೆಯ ಹಲ್ಲಿನಂತೆಯೂ ಹೂವು ತೋರುವುದರಿಂದ ಈ ಹೆಸರುಗಳು ಬಂದಿರಬೇಕು. ವೈದ್ಯರ ತಾಯಿ ಎಂಬ ಅರ್ಥದ ಭಿಷಙ್ಮಾತಾ ಎಂಬ ಹೆಸರು ಇವೆಲ್ಲಕ್ಕಿಂತಲೂ ದೊಡ್ಡದು. ನೂರಾರು ಮೂಲಿಕೆಗಳನ್ನು ಬಲ್ಲ ಹಿಂದಿನವರು ಬೇಲಿಯ ಈ ಗಿಡಕ್ಕೆ ಇಷ್ಟು ಗೌರವವನ್ನು ಸುಮ್ಮನೆ ಕೊಟ್ಟಿರಲಾರರು.

ಗಿಡದ ಗುರುತು

ಆಡುಸೋಗೆಯು ವರ್ಷವೆಲ್ಲ ಹಸುರಾಗಿರುವ ಪೊದೆ. ಸಾಧಾರಣವಾಗಿ ನಾಲ್ಕರಿಂದ ಎಂಟು ಅಡಿಗಳ ಎತ್ತರಕ್ಕೆ ಬೆಳೆಯುವುದು. ಬಯಲುಸೀಮೆಯಿಂದ ಹಿಡಿದು ಹಿಮಾಲಯದ ತಪ್ಪಲಿನಲ್ಲಿ ಸುಮಾರು 4000 ಅಡಿಗಳ ಎತ್ತರದವರೆಗೆ ಭರತಖಂಡದ ಎಲ್ಲ ಭಾಗಗಳಲ್ಲಿಯೂ ಕಾಣಸಿಗುವುದು. ಕಾಂಡದ ಗಿಣ್ಣುಗಳು ಕೊಂಚ ಉಬ್ಬಿರುವುವು. ಎಲೆಗಳು ಒಂದಕ್ಕೊಂದು ಎದುರಾಗಿ ಜೋಡಿಯಾಗಿ ಹುಟ್ಟುವುವು. ಅವುಗಳ ಉದ್ದ ನಾಲ್ಕರಿಂದ ಎಂಟು ಅಂಗುಲ, ಎರಡು ಕೊನೆಗಳೂ ಚೂಪು, ಅಂಚಿನಲ್ಲಿ ಹಲ್ಲುಗಳಿಲ್ಲ. ಎಲೆಯನ್ನು ಕೈಯಲ್ಲಿ ಹೊಸಕಿದರೆ ಒಂದು ಬಗೆಯ ಘಾಟು ವಾಸನೆ ಬರುವುದು. ಒಣಗಿದ ಮೇಲೆ ಬಣ್ಣ ಮಾಸಿ, ಗಟ್ಟಿಯಾದ ಚಹಾದ ಸೊಪ್ಪಿನ ವಾಸನೆಯನ್ನು ಹೋಲುವುದು. ರುಚಿ ಬಹಳ ಕಹಿ.

ಚಳಿಗಾಲದಿಂದ ಬೇಸಗೆಯ ಮೊದಲಿನವರೆಗೆ ರೆಂಬೆಗಳ ತುದಿಯಲ್ಲಿ ಒತ್ತಾದ ತೆನೆಗಳಂತೆ ಹೂವುಗಳು ಬರುವುವು. ಪ್ರತಿ ಹೂವಿನ ಬುಡದಲ್ಲಿಯೂ ಎಲೆಯಂತಹ ಹಸುರು ಪುಷ್ಪಪತ್ರವಿರುವುದು. ಹೂವು ಬಿಳುಪು, ಮೇಲೊಂದು ಕೆಳಗೊಂದು ತುಟಿಗಳಾಗಿ ಸೀಳಿರುವುದು, ಕೆಳತುಟಿಯ ಮೇಲೆ ನಸುಗೆಂಪು ಅಥವಾ ನೇರಿಳೆ ಬಣ್ಣದ ಗೆರೆಗಳಿರುವುವು. ಕಾಯಿ ಚಿಕ್ಕ ಗದೆಯ ಆಕಾರದ್ದು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಕೇರಳದ ವೈದ್ಯರು ಇದೇ ಜಾತಿಗೆ ಸೇರಿದ ಚಿಕ್ಕ ಗಿಡವೊಂದನ್ನು ಹೆಚ್ಚು ಮೆಚ್ಚುವರು. ನಮ್ಮ ಕಡೆಯ ಬೇಲಿಗಳಲ್ಲಿರುವುದು ದೊಡ್ಡದೇ.

ಹೆಸರು ಒಂದು, ಗಿಡ ಎರಡು

ಈ ಭಾಗವನ್ನು ಓದುಗರು ವಿಶೇಷ ಗಮನವಿಟ್ಟು ನೋಡಬೇಕೆಂದು ಕೋರುತ್ತೇನೆ. ಆಡುಮುಟ್ಟದ ಬಳ್ಳಿ ಎಂದು ಇನ್ನೊಂದು ಸಸ್ಯವಿದೆ. ಇದನ್ನು ಸಸ್ಯಶಾಸ್ತ್ರದಲ್ಲಿ ಟೈಲೋಫೋರಾ ಇಂಡಿಕಾ ಎನ್ನುವರು. ಆಡುಸೋಗೆಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ಎಕ್ಕದ ಕುಲಕ್ಕೆ ಸೇರಿದ್ದು. ಇದರ ಎಲೆಯನ್ನೂ ದಮ್ಮಿನ ರೋಗಕ್ಕೆ ಕೊಡುವ ಪದ್ಧತಿಯಿರುವುದರಿಂದ ಗೊಂದಲಕ್ಕೆ ಮತ್ತಷ್ಟು ಅವಕಾಶವಾಗಿದೆ. ಆದರೆ ಈ ಬಳ್ಳಿಯ ಮುಖ್ಯ ಗುಣವು ವಾಂತಿಯನ್ನು ಮಾಡಿಸತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಇಪೆಕಾಕ್ ಎಂಬ ವಾಂತಿಕಾರಕ ಬೇರಿಗೆ ಬದಲಾಗಿ ಇದನ್ನು ಇಂಗ್ಲಿಷ್ ವೈದ್ಯರು ಉಪಯೋಗಿಸುತ್ತಿದ್ದರು. ಇದರಲ್ಲಿರುವ ಟೈಲೋಫೋರಿನ್ ಎಂಬ ತೀಕ್ಷ್ಣವಾದ ಕ್ಷಾರವಸ್ತುವನ್ನು 1935ರಲ್ಲಿ ಬೇರ್ಪಡಿಸಲಾಯಿತು.

ತುಮಕೂರಿನ ಕಡೆಯ ಒಂದು ಗ್ರಾಮಕ್ಕೆ ನಾನು ತನಿಖೆಗೆ ಹೋಗಿದ್ದಾಗ, ಹಿಂದಿನ ರಾತ್ರಿಯೆಲ್ಲ ಒಬ್ಬ ವೃದ್ಧೆಯು ವಾಂತಿಯಿಂದ ಬಳಲಿ ನೆಲಹಿಡಿದಿದ್ದಳು. ನೆಗಡಿ ಕೆಮ್ಮಿಗೆ ಆಡುಮುಟ್ಟದ ಸೊಪ್ಪನ್ನು ತರುವಂತೆ ಮೊಮ್ಮಗನಿಗೆ ಹೇಳಿದ್ದರು. ಹುಡುಗನು ಕಳ್ಳಿಬೇಲಿಯ ಮೇಲೆ ಹಬ್ಬಿದ್ದ ಬಳ್ಳಿಯ ಸೊಪ್ಪನ್ನು ಹಿಡಿತುಂಬ ತಂದುಕೊಟ್ಟಿದ್ದನು. ಮನೆಯವರು ಅದನ್ನು ಅರೆದು ಕುಡಿಸಿದ್ದರು. "ಹೆಸರು ಅದೇ ಅಲ್ಲವೇ ಸ್ವಾಮಿ?" ಎಂದು ಹುಡುಗನ ತಂದೆಯು ನನ್ನನ್ನು ಕೇಳಿದನು. ಹೆಸರು ಅದೇ ಎಂಬುದು ನಿಜ. ವೃದ್ಧೆಯು ಎರಡು ದಿನಗಳಲ್ಲಿ ಚೇತರಿಸಿಕೊಂಡಳು. ಅದೇ ಸೊಪ್ಪು ಬಲಹೀನನಾದ ಮಗುವಿನ ಹೊಟ್ಟೆಗೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಎರಡನ್ನೂ ಬೇರೆ ಮಾಡಿ ತಿಳಿಯುವುದು ಕಷ್ಟವಲ್ಲ. ಆಡುಸೋಗೆಯು ತನ್ನ ಕಾಲ ಮೇಲೆ ತಾನು ನಿಲ್ಲುವ ಗಿಡ. ಇನ್ನೊಂದು ಆಸರೆಯನ್ನು ಸುತ್ತಿಕೊಂಡು ಹತ್ತುವ ಬಳ್ಳಿ. ಬಳ್ಳಿಯ ಎಲೆ ಎರಡರಿಂದ ನಾಲ್ಕು ಅಂಗುಲಕ್ಕೆ ಮೀರದು. ಅದು ದಪ್ಪನಾಗಿ, ತೊಟ್ಟಿನ ಕಡೆ ದುಂಡಗೆ ಅಥವಾ ಹೃದಯದ ಆಕಾರದಲ್ಲಿ ಇರುವುದು. ಆಡುಸೋಗೆಯ ಎಲೆ ತೊಟ್ಟಿನ ಕಡೆಯೂ ಚೂಪಾಗಿಯೇ ಮುಗಿಯುವುದು. ಬಳ್ಳಿಯಲ್ಲಿ ಕೊಂಬುಗಳಂತಹ ಜೋಡಿಕಾಯಿಗಳೂ, ಒಳಗೆ ಎಕ್ಕದ ಬೀಜಕ್ಕಿರುವಂತೆ ರೇಷ್ಮೆಯ ಕುಚ್ಚುಳ್ಳ ಬೀಜಗಳೂ ಇರುವುವು. ಹೀಗಿರುವುದರಿಂದ, "ಆಡುಮುಟ್ಟದ ಸೊಪ್ಪು" ಎಂದು ಹೇಳಿ ಮಕ್ಕಳನ್ನು ಕಳುಹಿಸುವುದನ್ನು ಬಿಟ್ಟು ಆಡುಸೋಗೆ ಎಂಬ ಹೆಸರನ್ನೇ ಬಳಸುವುದು ಕ್ಷೇಮ. ಕಿತ್ತ ಎಲೆಯನ್ನಷ್ಟೇ ನೋಡಿ ನಿರ್ಧರಿಸದೆ, ಅದು ಯಾವ ಗಿಡದಿಂದ ಬಂದಿತೆಂಬುದನ್ನು ದೊಡ್ಡವರೊಬ್ಬರು ಕಣ್ಣಾರೆ ಕಂಡಿರತಕ್ಕದ್ದು.

ಔಷಧವಾಗಿ

ಕೆಮ್ಮು, ಕಫ, ಉಬ್ಬಸಗಳಿಗೆ ಆಡುಸೋಗೆಯನ್ನು ಉಪಯೋಗಿಸುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ವಾಡಿಕೆ. ಹಸಿಯ ಎಲೆಯನ್ನು ಹಾಗೆಯೇ ಹಿಂಡಿದರೆ ರಸವು ಸುಲಭವಾಗಿ ಬಾರದು. ಆದುದರಿಂದ ಹಬೆಯಲ್ಲಿ ಬೇಯಿಸಿ ಅಥವಾ ಕೆಂಡದ ಮೇಲೆ ಬಾಡಿಸಿ ಹಿಂಡುವರು. ಹೀಗೆ ಬಂದ ರಸವನ್ನು ಒಂದೆರಡು ಚಮಚದಷ್ಟು ಜೇನಿನೊಡನೆ ಕೊಡುವುದುಂಟು. ಶುಂಠಿ, ಮೆಣಸು, ತುಳಸಿಗಳನ್ನು ಕೂಡಿಸಿ ಕಷಾಯ ಮಾಡುವುದೂ ಉಂಟು. ಒಣಗಿದ ಎಲೆಯನ್ನು ಸುರುಳಿ ಸುತ್ತಿ ಉಬ್ಬಸದವರಿಗೆ ಹೊಗೆ ಸೇದಿಸುವ ಪದ್ಧತಿಯೊಂದಿತ್ತು. ಹೊಗೆಯು ಯಾವ ಎಲೆಯದೇ ಆಗಲಿ, ಕೆರಳಿದ ಶ್ವಾಸಕೋಶಕ್ಕೆ ಕೇಡೇ ಆದ್ದರಿಂದ ಈ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಬಿಸಿಮಾಡಿದ ಎಲೆಯನ್ನು ಕೀಲುನೋವಿಗೆ ಕಟ್ಟುವುದರಿಂದ ತೊಂದರೆಯೇನೂ ಕಾಣದು.

ಈ ವಾಡಿಕೆಗೆ ರಸಾಯನಶಾಸ್ತ್ರದ ಬೆಂಬಲವೂ ದೊರೆತಿದೆ. ಉದಕಮಂಡಲದಲ್ಲಿ ಸರ್ಕಾರದ ಕ್ವಿನೈನ್ ಕಾರ್ಯಕ್ಕಾಗಿ ನೇಮಕವಾಗಿದ್ದ ಡೇವಿಡ್ ಹೂಪರ್ ಎಂಬವರು 1888ರಲ್ಲಿ ಈ ಎಲೆಯಿಂದ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ, ವಾಸಕವೆಂಬ ಹೆಸರಿನಿಂದಲೇ ಅದಕ್ಕೆ ವಾಸಿಸಿನ್ ಎಂದು ನಾಮಕರಣ ಮಾಡಿದರು. ಶ್ವಾಸನಾಳಗಳನ್ನು ಸಡಿಲಿಸಿ ಕಫವನ್ನು ತೆಳ್ಳಗೆ ಮಾಡುವ ಔಷಧಿಗಳನ್ನು ಹುಡುಕುತ್ತಿದ್ದ ಯೂರೋಪಿನ ರಸಾಯನಜ್ಞರು ಇದೇ ವಸ್ತುವಿನ ರಚನೆಯನ್ನು ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯನ್ನು ತಯಾರಿಸಿದರು. ಅದರಿಂದಲೇ ಆಂಬ್ರಾಕ್ಸಾಲ್ ಹೊರಟಿತು. ಈಗ ಅಂಗಡಿಗಳಲ್ಲಿ ದೊರೆಯುವ ಅನೇಕ ಕೆಮ್ಮಿನ ಪಾನಕಗಳಲ್ಲಿ ಇವೆರಡರಲ್ಲೊಂದು ಇರುವುದು. ಸೀಸೆಯನ್ನು ಕೊಂಡ ರೈತನಿಗೆ ಅದರ ಮೂಲವು ತನ್ನ ಬೇಲಿಯಲ್ಲಿದೆಯೆಂಬುದು ತಿಳಿದಿರುವುದಿಲ್ಲ.

ಗುಣವಿರುವ ವಸ್ತುವಿನಲ್ಲಿ ದೋಷವೂ ಇರುವುದು. ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಶಕ್ತಿಯುಳ್ಳದ್ದೆಂದು ಜಮ್ಮುವಿನ ಸಂಶೋಧನಾಲಯದಲ್ಲಿ 1970ರ ದಶಕದಿಂದ ನಡೆದ ಪರೀಕ್ಷೆಗಳಿಂದ ತಿಳಿದುಬಂದಿತು. ಹೆರಿಗೆ ಸುಲಭವಾಗಲೆಂದು ಇದರ ಬೇರನ್ನು ಉಪಯೋಗಿಸುತ್ತಿದ್ದ ಸೂಲಗಿತ್ತಿಯರು ಈ ಗುಣವನ್ನು ತಮ್ಮ ರೀತಿಯಲ್ಲಿ ಮೊದಲೇ ಅರಿತಿದ್ದರೆನ್ನಬೇಕು. ಆದಕಾರಣ ಗರ್ಭಿಣಿಯರಿಗೆ ಆಡುಸೋಗೆಯ ರಸವನ್ನಾಗಲಿ ಕಷಾಯವನ್ನಾಗಲಿ ಎಷ್ಟು ಮಾತ್ರಕ್ಕೂ ಕೊಡಕೂಡದು. ಮನೆಯಲ್ಲಿ ಕೆಮ್ಮು ಬಂದರೆ ಒಂದೇ ಪಾತ್ರೆಯ ಕಷಾಯವನ್ನು ಎಲ್ಲರಿಗೂ ಹಂಚುವ ರೂಢಿಯಿರುವುದರಿಂದ ಈ ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಎಳೆಯ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನನ್ನು ಸಹ ನೆಕ್ಕಿಸಬಾರದು.

ಹಿಂದಿನವರು ಕ್ಷಯಕ್ಕೂ ಕಫದಲ್ಲಿ ರಕ್ತ ಬೀಳುವುದಕ್ಕೂ ಆಡುಸೋಗೆಯನ್ನು ಕೊಡುತ್ತಿದ್ದರು. ಆಗ ಅದಕ್ಕಿಂತ ಉತ್ತಮವಾದದ್ದು ಅವರ ಕೈಯಲ್ಲಿರಲಿಲ್ಲ, ಈಗ ಇದೆ. ಎರಡು ವಾರಗಳಿಗೆ ಮೀರಿದ ಕೆಮ್ಮನ್ನೂ, ರಕ್ತ ಕಂಡ ಕಫವನ್ನೂ, ಸಂಜೆಯ ಜ್ವರವನ್ನೂ ಸೊಪ್ಪಿನ ರಸದಿಂದ ಮುಂದೂಡುತ್ತ ಹೋಗುವುದು ರೋಗಿಗೂ ಅವನ ಮನೆಯವರಿಗೂ ಅಪಾಯಕರ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯೂ ಕ್ಷಯದ ಔಷಧಿಯೂ ಧರ್ಮಾರ್ಥವಾಗಿ ದೊರೆಯುತ್ತವೆ. ಆಡುಸೋಗೆಯು ನೆಗಡಿಯ ಹಿಂದೆ ಬರುವ ಕೆಮ್ಮಿಗೆ ತಕ್ಕದ್ದು. ಕ್ಷಯರೋಗವನ್ನು ಅದು ಗುಣಪಡಿಸಲಾರದು.

ಹೊಲಗದ್ದೆಗಳಲ್ಲಿ

ವೈದ್ಯರ ವಿಷಯವನ್ನು ಇಷ್ಟಕ್ಕೇ ಬಿಟ್ಟು ನಮ್ಮ ಇಲಾಖೆಗೆ ಸಂಬಂಧಪಟ್ಟದ್ದನ್ನು ನೋಡೋಣ. ಸರ್ ಜಾರ್ಜ್ ವಾಟ್ ಎಂಬವರು ಭರತಖಂಡದ ಆರ್ಥಿಕ ಉತ್ಪನ್ನಗಳನ್ನು ಕುರಿತು ಬರೆದು 1889ರಿಂದ ಪ್ರಕಟವಾದ ಕೋಶದಲ್ಲಿ, ಸಟ್ಲೆಜ್ ನದಿಯ ಕಣಿವೆಯ ರೈತರು ನೀರು ಕಟ್ಟಿದ ಭತ್ತದ ಗದ್ದೆಗಳಿಗೆ ಈ ಸೊಪ್ಪನ್ನು ಹರಡುತ್ತಿದ್ದುದನ್ನು ವರ್ಣಿಸಿದ್ದಾರೆ. ಅದು ಗೊಬ್ಬರವಾಗುವುದಲ್ಲದೆ ನೀರಿನ ಕಳೆಗಳನ್ನೂ ಕೊಲ್ಲುವುದೆಂದು ಆ ರೈತರು ಹೇಳುತ್ತಿದ್ದರು. ದಕ್ಷಿಣದಲ್ಲಿಯೂ ಹೊಂಗೆ, ಎಕ್ಕ, ತಂಗಡಿಗಳ ಜೊತೆಗೆ ಆಡುಸೋಗೆಯನ್ನು ಗದ್ದೆಗೆ ತುಳಿಯುವ ಪದ್ಧತಿಯುಂಟು. ಕಳೆಯನ್ನು ಕೊಲ್ಲುವ ಮಾತನ್ನು ನಾನು ಪೂರ್ತಿಯಾಗಿ ನಂಬುವಂತೆ ಹೇಳಲಾರೆ. ಸೊಪ್ಪು ಹಾಕಿದೆವೆಂದು ಕಳೆ ಕೀಳುವುದನ್ನು ಬಿಡತಕ್ಕದ್ದಲ್ಲ. ಗೊಬ್ಬರವಾಗುವ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ಎಲೆ ಮೃದುವಾದ್ದರಿಂದ ಬೇಗ ಕೊಳೆಯುವುದು.

ನಾಟಿಗೆ ಹತ್ತು ಹದಿನೈದು ದಿನಗಳ ಮುಂಚೆ ಎಳೆಯ ರೆಂಬೆಗಳನ್ನು ಸೊಪ್ಪಿನ ಸಮೇತ ಕತ್ತರಿಸಿ, ಕೆಸರಿನಲ್ಲಿ ಹರಡಿ ತುಳಿಸಬೇಕು. ಬಲಿತ ಕಡ್ಡಿಗಳು ಕೊಳೆಯಲು ತಡವಾಗಿ, ನಾಟಿ ಮಾಡುವವರ ಕಾಲಿಗೆ ಚುಚ್ಚುವುವು. ಅವನ್ನು ಬೇರೆ ತೆಗೆದು ಒಲೆಗೆ ಹಾಕಬಹುದು. ಎಲ್ಲ ಬಗೆಯ ಸೊಪ್ಪೂ ಸೇರಿ ಎಕರೆಗೆ ಸುಮಾರು ಎರಡು ಟನ್ನುಗಳಾದರೆ ಒಳ್ಳೆಯದು. ಇಷ್ಟೂ ಸೊಪ್ಪು ಆಡುಸೋಗೆಯೊಂದರಿಂದಲೇ ಒದಗುವುದು ಸಣ್ಣ ಹಿಡುವಳಿದಾರನಿಗೆ ಅಸಾಧ್ಯವೆಂಬುದನ್ನು ಬಲ್ಲೆ. ಆದರೆ ಕಾಡಿನಿಂದ ಸೊಪ್ಪು ತರುವುದು ವರ್ಷದಿಂದ ವರ್ಷಕ್ಕೆ ದೂರವಾಗುತ್ತಿರುವಾಗ, ಬದುವಿನ ಮೇಲೆಯೇ ದೊರೆಯುವ ನಾಲ್ಕು ಹೊರೆ ಸೊಪ್ಪೂ ಲೆಕ್ಕಕ್ಕೆ ಬರುವುದು.

ಎಲೆಯ ಕಷಾಯವನ್ನು ತರಕಾರಿ ಗಿಡಗಳ ಹೇನುಗಳ ಮೇಲೆ ಚಿಮುಕಿಸುವ ರೂಢಿಯೂ ಇದೆ. ಬೇವಿನೊಡನೆ ಸೇರಿಸಿದರೆ ಫಲ ಹೆಚ್ಚೆನ್ನುವರು. ಮೊದಲು ಒಂದು ಸಾಲಿಗೆ ಹಾಕಿ ನೋಡಿ, ಪಕ್ಕದ ಸಾಲಿನೊಡನೆ ಹೋಲಿಸಿ ತಮಗೆ ತಾವೇ ನಿರ್ಣಯಿಸಿಕೊಳ್ಳುವುದು ಬುದ್ಧಿವಂತಿಕೆ. ಸೊಪ್ಪಿನ ರಸವು ಕಪ್ಪೆ, ಜಿಗಣೆ ಮುಂತಾದ ಸಣ್ಣ ಜೀವಿಗಳಿಗೆ ಆಗದು. ಆದ್ದರಿಂದ ಕಷಾಯದ ಪಾತ್ರೆಗಳನ್ನು ಮೀನು ಸಾಕಿದ ಕುಂಟೆಯಲ್ಲಿ ತೊಳೆಯಬಾರದು.

ಬಾಳೆ, ಮಾವುಗಳನ್ನು ಹಣ್ಣು ಮಾಡುವಾಗ ಈ ಎಲೆಗಳನ್ನು ಹಾಸಿ ಮುಚ್ಚುವ ಪದ್ಧತಿ ಒಳ್ಳೆಯದು. ಹುಳುವಾಗಲಿ ಬೂಸಲಾಗಲಿ ಈ ಎಲೆಗೆ ಬೇಗ ಹತ್ತುವುದಿಲ್ಲ. ಕ್ಯಾಲ್ಸಿಯಂ ಕಾರ್ಬೈಡನ್ನು ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿರುವುದರಿಂದ, ಮನೆಯ ಮಟ್ಟಿಗೆ ಹಣ್ಣು ಮಾಡುವವರು ಈ ಹಳೆಯ ಕ್ರಮವನ್ನೇ ಮುಂದುವರಿಸಬಹುದು. ಎಲೆಯಿಂದ ಹಳದಿ ಬಣ್ಣವನ್ನು ತೆಗೆಯುತ್ತಿದ್ದುದೂ, ಕಟ್ಟಿಗೆಯ ಇದ್ದಿಲನ್ನು ಬಂದೂಕಿನ ಮದ್ದಿಗೆ ಉಪಯೋಗಿಸುತ್ತಿದ್ದುದೂ ಈಗ ಕೇವಲ ಹಳೆಯ ಸಂಗತಿಗಳು.

ಬೆಳೆಸುವ ಕ್ರಮ

ಬೀಜಕ್ಕಾಗಿ ಕಾಯಬೇಕಾಗಿಲ್ಲ, ಕಡ್ಡಿಯಿಂದಲೇ ಬೆಳೆಸಬಹುದು. ಹೂಬಿಟ್ಟು ಗುರುತು ಖಚಿತವಾದ ಗಿಡದಿಂದಲೇ ಕಡ್ಡಿಗಳನ್ನು ಆರಿಸಬೇಕು. ಹೀಗೆ ಮಾಡಿದರೆ ಮೇಲೆ ಹೇಳಿದ ಹೆಸರಿನ ಗೊಂದಲವು ಆ ಹೊಲದ ಮಟ್ಟಿಗೆ ತಾನಾಗಿಯೇ ನಿಲ್ಲುವುದು. ತೀರ ಎಳೆಯದೂ ಅಲ್ಲದ, ಮರದಂತೆ ಬಲಿತದ್ದೂ ಅಲ್ಲದ ಕಡ್ಡಿಯನ್ನು ಮೂರು ನಾಲ್ಕು ಗಿಣ್ಣುಗಳಿರುವಂತೆ ಆರರಿಂದ ಎಂಟು ಅಂಗುಲಗಳ ಉದ್ದಕ್ಕೆ ಕತ್ತರಿಸಿ, ಎರಡು ಗಿಣ್ಣುಗಳು ಮಣ್ಣಿನೊಳಗೆ ಸೇರುವಂತೆ ನೆಡಬೇಕು. ಮುಂಗಾರು ಚೆನ್ನಾಗಿ ಹಿಡಿದ ಕಾಲವೇ ಇದಕ್ಕೆ ತಕ್ಕದ್ದು. ಬೇಲಿಗಾದರೆ ಒಂದೂವರೆ ಅಡಿಗೆ ಒಂದರಂತೆಯೂ, ಸೊಪ್ಪಿಗಾಗಿಯೇ ಬೆಳೆಸುವುದಾದರೆ ಎರಡಡಿಗೆ ಎರಡಡಿಯ ಅಂತರದಲ್ಲಿಯೂ ನೆಡಬಹುದು. ಯಾವ ನೆಲವಾದರೂ ಆಗುವುದು. ನೀರು ನಿಲ್ಲುವ ಜಾಗ ಮಾತ್ರ ಕೂಡದು. ಬೇರು ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸುವುದು. ದನಗಳೂ ಆಡುಗಳೂ ಇದನ್ನು ಮೇಯುವುದಿಲ್ಲವಾದ್ದರಿಂದ ಕಾವಲಿನ ಖರ್ಚಿಲ್ಲ. ಆದರೆ ಆಡುಸೋಗೆಯಲ್ಲಿ ಮುಳ್ಳಿಲ್ಲ. ನುಗ್ಗುವ ದನವನ್ನು ತಡೆಯಬೇಕಾದ ಕಡೆ ಇದನ್ನೊಂದನ್ನೇ ನಂಬದೆ ನಡುವೆ ಕತ್ತಾಳೆಯನ್ನೋ ಇನ್ನಾವುದಾದರೂ ಮುಳ್ಳುಗಿಡವನ್ನೋ ಸೇರಿಸಬೇಕು.

ನೆಟ್ಟ ವರ್ಷ ಕತ್ತಿಯನ್ನು ಮುಟ್ಟಿಸಬಾರದು. ಎರಡನೆಯ ವರ್ಷದಿಂದ ನೆಲದ ಮೇಲೆ ಒಂದಡಿಯಷ್ಟು ಮೋಟನ್ನು ಬಿಟ್ಟು ಕತ್ತರಿಸುತ್ತ ಬಂದರೆ ಪೊದೆಯು ದಟ್ಟವಾಗಿ ಚಿಗುರುವುದು. ಔಷಧದ ವ್ಯಾಪಾರಿಗಳು ಬೇರನ್ನು ಕೇಳಿದರೆಂದು ಗಿಡವನ್ನೇ ಕಿತ್ತುಕೊಡುವುದು ನಷ್ಟದ ಕೆಲಸ. ಬೇರು ಒಮ್ಮೆ ಹೋದರೆ ಹೋಯಿತು, ಎಲೆಯಾದರೋ ವರ್ಷ ವರ್ಷವೂ ಬರುವುದು. ಮಾರಾಟದ ಎಲೆಯನ್ನು ನೆರಳಿನಲ್ಲಿ ತೆಳ್ಳಗೆ ಹರಡಿ, ದಿನಕ್ಕೊಮ್ಮೆ ಮಗುಚಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಂತೆ ಒಣಗಿಸಬೇಕು. ಅರೆಬರೆ ಒಣಗಿದ್ದನ್ನು ಗೋಣಿಗೆ ತುಂಬಿದರೆ ಬೂಸಲು ಬಂದು ಬೆಲೆ ಹೋಗುವುದು. ಹೆಮ್ಮರದ ಎಲೆಯನ್ನು ಇದರೊಡನೆ ಬೆರೆಸಿ ಮಾರುವ ಮೋಸವು ಹಿಂದಿನಿಂದಲೂ ಇರುವುದರಿಂದ ಕೊಳ್ಳುವವರು ಅಂಚನ್ನು ನೋಡುವರು. ಹೆಮ್ಮರದ ಎಲೆಯ ಅಂಚಿನಲ್ಲಿ ಒರಟು ಹಲ್ಲುಗಳಿವೆ, ಅದರ ಬುಡದ ಎರಡು ಪಕ್ಕಗಳು ಸಮನಾಗಿರುವುದಿಲ್ಲ. ಕೊಳ್ಳುವವರು ಯಾರೆಂದು ವಿಚಾರಿಸಿ ಮಾತು ಗಟ್ಟಿಮಾಡಿಕೊಂಡ ಮೇಲೆಯೇ ಮಾರಾಟಕ್ಕೆಂದು ಹೆಚ್ಚು ನೆಲದಲ್ಲಿ ನೆಡುವುದು ಒಳ್ಳೆಯದು. ಬದುವಿನ ಮೇಲೆ ನೆಡುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.